ವಸಂತದ ಕೈತೋಟ: ಮಣ್ಣು ಹದ ಮಾಡುವುದರಿಂದ ಸಸಿ ನೆಡುವವರೆಗೆ

ಚಳಿ ಇಳಿದು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಗುದ್ದಲಿ ಹಿಡಿಯಲು ಕೈ ತುಡಿಯುತ್ತದೆ. ವಸಂತದ ತರಕಾರಿ ತೋಟ ಹೆಚ್ಚಾಗಿ ಕೆಡುವುದು ಈ ಅವಸರದಲ್ಲೇ. ಗಾಳಿ ಬೆಚ್ಚಗಾದಷ್ಟು ಬೇಗ ಮಣ್ಣು ಬೆಚ್ಚಗಾಗುವುದಿಲ್ಲ. ಒದ್ದೆ ಮಣ್ಣನ್ನು ಅಗೆದರೆ ಆ ಹಂಗಾಮು ಪೂರ್ತಿ ಹೆಂಟೆಯೊಡನೆ ಗುದ್ದಾಡಬೇಕು. ತಣ್ಣನೆಯ ಮಣ್ಣಿಗೆ ಬಿದ್ದ ಬೀನ್ಸ್ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಅದಕ್ಕೇ ಇಲ್ಲಿ ತಿಂಗಳು, ತಾರೀಖು ಹೇಳಿಲ್ಲ. ಮಣ್ಣಿನ ತೇವ, ಮಣ್ಣಿನ ಉಷ್ಣಾಂಶ, ನಿಮ್ಮಲ್ಲಿ ಕೊನೆಯ ಹಿಮ ಬೀಳುವ ಹೊತ್ತು, ಈ ಮೂರನ್ನು ನೋಡಿ ಕೆಲಸದ ಸರದಿ ಹಾಕಿಕೊಳ್ಳುವುದು ಹೇಗೆ ಎಂಬುದಷ್ಟೇ ಇದೆ.

ಜಾಗ ಮತ್ತು ಮಡಿಯ ಅಳತೆ

ಕಾಯಿ ಬಿಡುವ ಗಿಡಗಳಿಗೆ, ಅಂದರೆ ಟೊಮೆಟೊ, ಬದನೆ, ಮೆಣಸಿನಕಾಯಿ, ಸೌತೆ, ಬೀನ್ಸ್‌ಗೆ, ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. 8 ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು. ಸೊಪ್ಪಿಗೆ 4 ಗಂಟೆ ಸಾಕು, ಗೆಡ್ಡೆಗಳಿಗೆ ಅದಕ್ಕಿಂತ ತುಸು ಹೆಚ್ಚು. ಚಳಿಗಾಲದ ಬಿಸಿಲು ನೋಡಿ ಜಾಗ ಆರಿಸಬೇಡಿ. ಈಗ ಬೋಳಾಗಿ ನಿಂತ ಮರ ಎರಡು ತಿಂಗಳಲ್ಲಿ ಚಿಗುರಿ ದಟ್ಟ ನೆರಳು ಹಾಕಬಹುದು. ಮರದ ಬೇರು ಅದರ ಕೊಂಬೆಗಳ ಹರವನ್ನೂ ದಾಟಿ ಹೋಗಿ, ನೀವು ಕೊಟ್ಟ ನೀರು ಗೊಬ್ಬರವನ್ನು ಹೀರಿಕೊಳ್ಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನೀರು ಬಸಿಯುತ್ತದೆಯೇ ನೋಡಲು ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೆಗೆದು ನೀರು ತುಂಬಿ. ಅದು ಪೂರ್ತಿ ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಕೋಲಿನಿಂದ ಅಳೆಯಿರಿ. ಗಂಟೆಗೆ 2.5ರಿಂದ 5 ಸೆಂಟಿಮೀಟರ್ ಇಳಿದರೆ ಸರಿ. ಅದಕ್ಕಿಂತ ನಿಧಾನವಾದರೆ ಅಲ್ಲಿ ನೆಲಕ್ಕೆ ನೇರವಾಗಿ ನೆಡದೆ, ಮಣ್ಣು ಏರಿಸಿ 20–30 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ. ಏರುಮಡಿಯ ಮಣ್ಣು ವಸಂತದಲ್ಲಿ ಬೇಗ ಬೆಚ್ಚಗಾಗುತ್ತದೆ, ಬೇಸಿಗೆಯಲ್ಲಿ ಅಷ್ಟೇ ಬೇಗ ಒಣಗಲೂ ಒಣಗುತ್ತದೆ.

ಮಡಿಯ ಅಗಲ 4 ಅಡಿ ಮೀರಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು, ಮಡಿಯೊಳಗೆ ಕಾಲಿಡುವಂತಾಗಬಾರದು. ಗೋಡೆಗೆ ಒತ್ತಿಕೊಂಡ ಮಡಿಯಾದರೆ 2 ಅಡಿ ಸಾಕು. ನಡುವಿನ ದಾರಿ ಒಂದೂವರೆ ಅಡಿ ಇರಲಿ, ಕೈಗಾಡಿ ಓಡಾಡಬೇಕಾದರೆ ಇನ್ನೂ ಅಗಲ ಬೇಕು. ಮೊದಲ ವರ್ಷಕ್ಕೆ 4 ಅಡಿ ಅಗಲ, 8 ಅಡಿ ಉದ್ದದ ಎರಡು ಮಡಿ ಧಾರಾಳವಾಯಿತು. ದೊಡ್ಡದಾಗಿ ಅಗೆದು ಅರ್ಧವನ್ನು ಕಳೆಗೆ ಬಿಟ್ಟುಕೊಡುವ ಬದಲು ಇಷ್ಟನ್ನೇ ಚೆನ್ನಾಗಿ ನೋಡಿಕೊಳ್ಳುವುದು ಲೇಸು.

ಮಣ್ಣಿನ ಕೆಲಸ

10 ಸೆಂಟಿಮೀಟರ್ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ಮೆಲ್ಲಗೆ ತಟ್ಟಿ. ಉಂಡೆ ಪುಡಿಯಾಗಿ ಉದುರಿದರೆ ಹದ ಬಂದಿದೆ. ಹೊಳೆಯುತ್ತಾ ಉಂಡೆಯಾಗಿಯೇ ಉಳಿದರೆ ಗುದ್ದಲಿ ಪಕ್ಕಕ್ಕಿಟ್ಟು ಮೂರ್ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಮಣ್ಣಿನ ಕಣಗಳ ನಡುವೆ ಗಾಳಿ ಮತ್ತು ನೀರು ಓಡಾಡುವ ಸಂದುಗಳಿರುತ್ತವೆ. ಒದ್ದೆಯಿರುವಾಗ ಅಗೆದರೆ, ತುಳಿದರೆ ಆ ಸಂದುಗಳು ಮುಚ್ಚಿಹೋಗುತ್ತವೆ, ಜೇಡಿಮಣ್ಣಿನಲ್ಲಂತೂ ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆ ಏಳುತ್ತದೆ. ಒಂದು ದಿನದ ಅವಸರದ ಪೆಟ್ಟು ಸರಿಹೋಗಲು ಹಲವು ತಿಂಗಳು ಹಿಡಿಯುತ್ತದೆ. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮಣ್ಣು ಪರೀಕ್ಷೆಗೆ ಕಳಿಸಲು ಅನುಕೂಲವಿದ್ದರೆ ಮಡಿಯ ಐದಾರು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋದಷ್ಟು ಕಳಿಸಿ. ಹೆಚ್ಚಿನ ತರಕಾರಿಗಳಿಗೆ ಪಿಎಚ್, ಅಂದರೆ ಮಣ್ಣಿನ ಹುಳಿ–ಕ್ಷಾರದ ಅಳತೆ, 6ರಿಂದ 7ರ ನಡುವೆ ಇರಬೇಕು. ಹುಳಿ ಮಣ್ಣನ್ನು ಸರಿಮಾಡುವ ಸುಣ್ಣದ ಪುಡಿ ಕೆಲಸ ಮಾಡಲು ತಿಂಗಳುಗಳೇ ಬೇಕು, ಆದ್ದರಿಂದ ಅದನ್ನು ಹಾಕುವ ಸಮಯ ಹಿಂದಿನ ಹಂಗಾಮಿನ ಕೊನೆ. ಪರೀಕ್ಷೆ ಮಾಡಿಸದೆ ಅಂದಾಜಿನಲ್ಲಿ ಸುಣ್ಣವನ್ನಾಗಲೀ ಬೂದಿಯನ್ನಾಗಲೀ ಸುರಿಯಬೇಡಿ. ಪಿಎಚ್ ಏರಿದರೆ ಕಬ್ಬಿಣದಂಥ ಪೋಷಕಾಂಶ ಮಣ್ಣಲ್ಲಿದ್ದೂ ಬೇರಿಗೆ ಸಿಗುವುದಿಲ್ಲ, ಎಳೆ ಎಲೆಗಳ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ.

ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಹಳೆಯ ಮಡಿಗೆ 2.5 ಸೆಂಟಿಮೀಟರ್, ಹೊಸ ಮಡಿಗೆ 5 ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಒಂದು ಚದರ ಮೀಟರಿಗೆ 2.5 ಸೆಂಟಿಮೀಟರ್ ಎಂದರೆ 25 ಲೀಟರ್. 4×8 ಅಡಿಯ ಮಡಿ ಸುಮಾರು 3 ಚದರ ಮೀಟರ್ ಆಗುವುದರಿಂದ 75 ಲೀಟರ್ ಬೇಕು, ಹೊಸದಾದರೆ 150 ಲೀಟರ್. ಕಳಿತ ಕಾಂಪೋಸ್ಟ್ ಕಪ್ಪಗಿದ್ದು ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಮೂಗಿಗೆ ರಾಚುವ ಘಾಟಿದ್ದರೆ, ರಾಶಿಯೊಳಗೆ ಕೈಯಿಟ್ಟಾಗ ಬಿಸಿಯಿದ್ದರೆ ಇನ್ನೂ ಕಳಿಯಬೇಕು ಎಂದೇ ಅರ್ಥ. ಮರದ ಹೊಟ್ಟು, ಒಣಹುಲ್ಲಿನಂಥ ಕಳಿಯದ ವಸ್ತುಗಳನ್ನು ಮಣ್ಣಿನೊಳಗೆ ಬೆರೆಸಬೇಡಿ. ಅವನ್ನು ಕಳಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಬಳಸಿಕೊಳ್ಳುತ್ತವೆ, ಗಿಡ ಹಳದಿಯಾಗಿ ನಿಂತುಬಿಡುತ್ತದೆ. ಅವುಗಳ ಜಾಗ ಮಣ್ಣಿನ ಮೇಲೆ, ಹೊದಿಕೆಯಾಗಿ.

ಹಸಿ ಸಗಣಿ, ಕೋಳಿ ಹಿಕ್ಕೆಗಳನ್ನು ವಸಂತದ ಮಡಿಗೆ ಹಾಕದಿರುವುದೇ ಕ್ಷೇಮ. ಅವುಗಳಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರಬಹುದು. ಹಾಕಲೇಬೇಕಾದರೆ ಕಾಯಿ ಅಥವಾ ಎಲೆ ಮಣ್ಣಿಗೆ ತಾಗುವ ಬೆಳೆಯಲ್ಲಿ ಕೊಯ್ಲಿಗೆ 120 ದಿನ ಮೊದಲು, ಉಳಿದವುಗಳಲ್ಲಿ 90 ದಿನ ಮೊದಲು ಮಣ್ಣಿಗೆ ಸೇರಿಸಿರಬೇಕು. ಮೂಲಂಗಿ, ಪಾಲಕ್‌ನಂಥ ಬೆಳೆ ಅಷ್ಟು ದಿನ ನೆಲದಲ್ಲಿರುವುದೇ ಇಲ್ಲವೆಂಬುದನ್ನು ಗಮನಿಸಿ.

ಹೊರಗಿನಿಂದ ತಂದ ಕೊಟ್ಟಿಗೆ ಗೊಬ್ಬರಕ್ಕೆ ಇನ್ನೊಂದು ಪರೀಕ್ಷೆ ಬೇಕು. ಹುಲ್ಲುಗಾವಲಿಗೆ ಸಿಂಪಡಿಸುವ ಅಮಿನೋಪೈರಾಲಿಡ್, ಕ್ಲೋಪೈರಾಲಿಡ್‌ನಂಥ ಕಳೆನಾಶಕಗಳು ದನದ ಹೊಟ್ಟೆಯಲ್ಲೂ ಗೊಬ್ಬರದ ರಾಶಿಯಲ್ಲೂ ಬೇಗ ಕರಗದೆ ಉಳಿಯುತ್ತವೆ. ಒಂದೆರಡು ಕುಂಡಕ್ಕೆ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದೆರಡಕ್ಕೆ ಗೊಬ್ಬರವಿಲ್ಲದ ಮಣ್ಣು ತುಂಬಿ, ಪ್ರತಿಯೊಂದರಲ್ಲೂ ಮೂರ್ನಾಲ್ಕು ಬೀನ್ಸ್ ಬೀಜ ಹಾಕಿ. ಮೂರು ವಾರದಲ್ಲಿ ಗೊಬ್ಬರದ ಕುಂಡದ ಗಿಡಗಳಲ್ಲಿ ಮಾತ್ರ ಎಲೆ ಮುದುಡಿ ಕಾಂಡ ತಿರುಚಿಕೊಂಡರೆ ಆ ಗೊಬ್ಬರವನ್ನು ತೋಟದೊಳಗೆ ಬಿಟ್ಟುಕೊಳ್ಳಬೇಡಿ. ಟೊಮೆಟೊ ಮತ್ತು ಬೀನ್ಸ್ ಇದಕ್ಕೆ ಬಹು ಬೇಗ ಬಲಿಯಾಗುತ್ತವೆ.

ಹೊಸ ಮಡಿಯನ್ನು ಒಂದು ಗೇಣಿಗಿಂತ ಸ್ವಲ್ಪ ಆಳಕ್ಕೆ ಅಗೆದು ಕಳೆಯ ಬೇರು, ಕಲ್ಲು ಆರಿಸಿ ಕಾಂಪೋಸ್ಟ್ ಬೆರೆಸಿ. ಹಿಂದಿನ ವರ್ಷದ ಮಡಿಯನ್ನು ತಿರುಗಾ ಮುರುಗಾ ಅಗೆಯುವ ಅಗತ್ಯವಿಲ್ಲ. ಮೊನಚು ಹಲ್ಲಿನ ಸಲಾಕೆ ಚುಚ್ಚಿ ಹಿಂದೆ ಮುಂದೆ ಆಡಿಸಿ ಮಣ್ಣು ಸಡಿಲಿಸಿ, ಕಾಂಪೋಸ್ಟ್ ಮೇಲೆ ಹರಡಿದರೆ ಎರೆಹುಳುಗಳೇ ಅದನ್ನು ಒಳಗೆ ಒಯ್ಯುತ್ತವೆ. ಆಳದಲ್ಲಿ ಮಲಗಿರುವ ಕಳೆ ಬೀಜ ಮೇಲೆ ಬಂದು ಬೆಳಕು ಕಾಣುವುದೂ ತಪ್ಪುತ್ತದೆ.

ಮಡಿ ಸಿದ್ಧವಾದ ಕೂಡಲೇ ಬಿತ್ತಬೇಡಿ. ಮೇಲ್ಭಾಗ ಸಮ ಮಾಡಿ, ನೀರು ಹಾಕಿ, ಎರಡು ಮೂರು ವಾರ ಬಿಡಿ. ಮೇಲ್ಪದರದ ಕಳೆ ಬೀಜವೆಲ್ಲ ಮೊಳೆಯುತ್ತದೆ. ಬಿಸಿಲಿನ ದಿನ ಕಳೆಗುದ್ದಲಿಯಿಂದ ಒಂದೆರಡು ಸೆಂಟಿಮೀಟರ್ ಆಳಕ್ಕೆ ಮಾತ್ರ ಕೆರೆದು ಅವನ್ನು ಒಣಗಲು ಬಿಡಿ. ಆಳಕ್ಕೆ ಕೆದಕಿದರೆ ಹೊಸ ಕಳೆ ಬೀಜ ಮೇಲೆ ಬಂದು ಮಾಡಿದ ಕೆಲಸ ವ್ಯರ್ಥ. ಕ್ಯಾರೆಟ್, ಈರುಳ್ಳಿಯಂಥ ನಿಧಾನದ ಬೆಳೆಗಳ ಮಡಿಯಲ್ಲಿ ಈ ಒಂದು ಕೆಲಸ ಮುಂದಿನ ಎಷ್ಟೋ ದಿನಗಳ ಕಳೆ ಕೀಳುವ ಕಷ್ಟವನ್ನು ಉಳಿಸುತ್ತದೆ.

ಯಾವುದು ಯಾವಾಗ

ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ, 5ರಿಂದ 10 ಸೆಂಟಿಮೀಟರ್ ಆಳದಲ್ಲಿ, ಸತತ ನಾಲ್ಕೈದು ದಿನ ನೋಡಿ. ಮಧ್ಯಾಹ್ನದ ಅಂಕಿ ಮೋಸ ಮಾಡುತ್ತದೆ.

ಮಣ್ಣು 5–7 ಡಿಗ್ರಿ ಸೆಲ್ಸಿಯಸ್ ಇರುವಾಗ ಬಟಾಣಿ, ಪಾಲಕ್, ಲೆಟ್ಯೂಸ್ ಬಿತ್ತಬಹುದು. ಬಹುದು ಅಷ್ಟೇ: ಬಟಾಣಿ 5 ಡಿಗ್ರಿಯಲ್ಲಿ ಮೊಳೆಯಲು ತಿಂಗಳಿಗೂ ಹೆಚ್ಚು ತೆಗೆದುಕೊಂಡರೆ 10 ಡಿಗ್ರಿಯಲ್ಲಿ ಎರಡೇ ವಾರ ಸಾಕು. ಬೇಗ ಬಿತ್ತಿದ್ದಕ್ಕೆ ಸಿಗುವ ಲಾಭ ಅಂದುಕೊಂಡಷ್ಟಿರುವುದಿಲ್ಲ. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ 8–10 ಡಿಗ್ರಿಗೆ, ಬೀನ್ಸ್ 16 ಡಿಗ್ರಿಯ ಮೇಲೆ. ಟೊಮೆಟೊ ಸಸಿ ನೆಡಲು ಮಣ್ಣು 15–16 ಡಿಗ್ರಿ ಇದ್ದು ರಾತ್ರಿಯ ಗಾಳಿ 10 ಡಿಗ್ರಿಗಿಂತ ಕೆಳಗಿಳಿಯಬಾರದು. ಮೆಣಸಿನಕಾಯಿ, ಬದನೆ, ಸೌತೆ, ಕುಂಬಳ, ಬೆಂಡೆಗೆ ಮಣ್ಣು 18 ಡಿಗ್ರಿ, ರಾತ್ರಿ 13 ಡಿಗ್ರಿಯಾದರೂ ಬೇಕು. ತಣ್ಣನೆಯ ಮಣ್ಣಿನಲ್ಲಿ ಟೊಮೆಟೊ ಬೇರು ರಂಜಕವನ್ನು ಹೀರಲಾರದೆ ಎಲೆಯ ಅಡಿ ನೇರಳೆಯಾಗುತ್ತದೆ. ಅಂಥ ಗಿಡವನ್ನು ಎರಡು ವಾರ ತಡವಾಗಿ, ಬೆಚ್ಚನೆಯ ಮಣ್ಣಿಗೆ ನೆಟ್ಟ ಗಿಡ ದಾಟಿ ಮುಂದೆ ಹೋಗುತ್ತದೆ.

ಎಲೆಕೋಸು, ಬೀಟ್‌ರೂಟ್, ಈರುಳ್ಳಿಗಳದು ಬೇರೆ ತೊಂದರೆ. ಅವು ಚಳಿ ತಡೆಯುತ್ತವೆ, ಆದರೆ ದಪ್ಪಗೆ ಬಲಿತ ಸಸಿ ಕೆಲವು ವಾರ 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ನಿಂತರೆ ಚಳಿಗಾಲ ಕಳೆಯಿತೆಂದು ತಿಳಿದು ಗಡ್ಡೆ ಕಟ್ಟುವ ಬದಲು ಹೂದಂಟು ಎಬ್ಬಿಸುತ್ತವೆ. ಹಾಗಾಗಿ ಬೇಗ ನೆಡುವ ಎಲೆಕೋಸಿಗೆ ನಾಲ್ಕೈದು ಎಲೆಯ ಸಣ್ಣ ಸಸಿಯೇ ವಾಸಿ.

ಹಿಮವೇ ಬೀಳದ ಕಡೆ ಲೆಕ್ಕ ಹಿಂದುಮುಂದಾಗುತ್ತದೆ. ಅಲ್ಲಿ ಕಾಯಬೇಕಾದ್ದು ಚಳಿ ಹೋಗುವುದನ್ನಲ್ಲ, ಸೆಕೆ ಬರುವ ದಿನವನ್ನು. ಮಣ್ಣು 28–30 ಡಿಗ್ರಿ ತಲುಪಿದರೆ ಲೆಟ್ಯೂಸ್ ಬೀಜ ಮೊಳೆಯದೆ ಮಲಗುತ್ತದೆ. ಹಗಲು 35 ಡಿಗ್ರಿ ದಾಟಿದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಆ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತನೆ ಗೊತ್ತು ಮಾಡಿಕೊಳ್ಳಿ.

ಸಸಿ ಎಬ್ಬಿಸುವುದು

ಕೊನೆಯ ಹಿಮದ ದಿನಕ್ಕೆ ಈರುಳ್ಳಿಯನ್ನು 10–12 ವಾರ ಮೊದಲು, ಮೆಣಸಿನಕಾಯಿ ಬದನೆಗಳನ್ನು 8–10 ವಾರ, ಟೊಮೆಟೊವನ್ನು 6–8 ವಾರ, ಸೌತೆ ಕುಂಬಳಗಳನ್ನು 3 ವಾರ ಮೊದಲು ಮನೆಯೊಳಗೆ ಟ್ರೇ ಅಥವಾ ಲೋಟಗಳಲ್ಲಿ ಬಿತ್ತಿ. ಇದಕ್ಕಿಂತ ಬೇಗ ಬಿತ್ತಿದರೆ ಬೇರು ಲೋಟದೊಳಗೇ ಸುರುಳಿ ಸುತ್ತುತ್ತದೆ.

ಹಳೆಯ ಬೀಜವಿದ್ದರೆ ಮೊದಲು ಪರೀಕ್ಷಿಸಿ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚನೆಯ ಜಾಗದಲ್ಲಿ ಒಂದು ವಾರ ಹತ್ತು ದಿನ ಇಡಿ. ಎಂಟು ಮೊಳೆತರೆ ನಿಶ್ಚಿಂತೆ, ಐದಾರು ಮೊಳೆತರೆ ಒತ್ತಾಗಿ ಬಿತ್ತಿ, ಅದಕ್ಕಿಂತ ಕಡಿಮೆಯಾದರೆ ಹೊಸದು ತನ್ನಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸಾಯುತ್ತದೆ, ಟೊಮೆಟೊ ಸೌತೆ ನಾಲ್ಕೈದು ವರ್ಷ ಬಾಳುತ್ತವೆ.

ಟ್ರೇಗೆ ತೋಟದ ಮಣ್ಣು ಬೇಡ, ಅದು ಗಟ್ಟಿಯಾಗುತ್ತದೆ, ರೋಗವನ್ನೂ ತರುತ್ತದೆ. ತೊಳೆದ ತೆಂಗಿನ ನಾರಿನ ಪುಡಿಗೆ ಜರಡಿ ಹಿಡಿದ ಕಾಂಪೋಸ್ಟ್, ಸ್ವಲ್ಪ ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು) ಬೆರೆಸಿದರೆ ಸಾಕು. ಮೊಳೆಯುವವರೆಗೆ 22–27 ಡಿಗ್ರಿ ಬಿಸಿ ಬೇಕು, ಮೆಣಸಿನಕಾಯಿಗೆ ಇನ್ನೂ ತುಸು ಹೆಚ್ಚು. ಮೊಳೆತ ಕ್ಷಣದಿಂದ ಬೇಕಾದ್ದು ಬೆಳಕು. ಕಿಟಕಿಯ ಬೆಳಕಿಗೆ ಸಸಿಗಳು ಬಾಗಿ ಬಳುಕಿ ಉದ್ದವಾಗುತ್ತವೆ. ಟ್ಯೂಬ್ ಅಥವಾ ಎಲ್‌ಇಡಿ ದೀಪವನ್ನು ಎಲೆಯ ಮೇಲೆ 5–10 ಸೆಂಟಿಮೀಟರ್ ಎತ್ತರದಲ್ಲಿ ಇಳಿಬಿಟ್ಟು ದಿನಕ್ಕೆ 14–16 ಗಂಟೆ ಉರಿಸಿ. ಎಲ್‌ಇಡಿ ಪ್ರಖರವಾಗಿದ್ದು ಎಲೆ ಬಿಳಚಿಕೊಂಡರೆ ಎತ್ತರಿಸಿ.

ನೆಟ್ಟಗಿದ್ದ ಸಸಿ ರಾತ್ರಿ ಬೆಳಗಾಗುವುದರೊಳಗೆ ಮಣ್ಣಿನ ಮಟ್ಟದಲ್ಲಿ ನೂಲಿನಂತೆ ಸೊರಗಿ ಬಿದ್ದರೆ ಅದು ಬುಡ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಕಾರಕಗಳು ಅತಿ ತೇವ, ತಂಪು, ನಿಂತ ಗಾಳಿ ಸಿಕ್ಕಿದಲ್ಲಿ ಬೆಳೆಯುತ್ತವೆ. ಬಿದ್ದ ಸಸಿಗೆ ಔಷಧವಿಲ್ಲ, ಉಳಿದವುಗಳನ್ನು ಉಳಿಸಿಕೊಳ್ಳಿ: ನೀರನ್ನು ಟ್ರೇಯ ಅಡಿಯಿಂದ ಕೊಟ್ಟು ಅರ್ಧ ಗಂಟೆ ಬಿಟ್ಟು ಹೆಚ್ಚಿನದನ್ನು ಚೆಲ್ಲಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ಮತ್ತೆ ಕೊಡಿ, ಸಣ್ಣ ಫ್ಯಾನಿನ ಗಾಳಿ ಆಡಲಿ. ಸಸಿ ಬೇರೆ ಲೋಟಕ್ಕೆ ಎತ್ತುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿಯೇ ಹೋಯಿತು.

ಒಳಗೆ ಬೆಳೆದ ಸಸಿಯನ್ನು ಹೊರಗೆ ನೆಡುವ ಮುನ್ನ 7ರಿಂದ 10 ದಿನ ಹೊರಗಾಳಿಗೆ ರೂಢಿ ಮಾಡಿಸಬೇಕು. ಮೊದಲ ದಿನ ನೆರಳಲ್ಲಿ, ಗಾಳಿ ಬೀಸದ ಕಡೆ ಒಂದೆರಡು ಗಂಟೆ. ದಿನವೂ ಒಂದೆರಡು ಗಂಟೆ ಹೆಚ್ಚಿಸಿ, ನಾಲ್ಕನೆಯ ದಿನದಿಂದ ಬೆಳಗಿನ ಬಿಸಿಲು, ಕೊನೆಯ ಎರಡು ರಾತ್ರಿ ಹೊರಗೇ ಇರಲಿ. ಇದನ್ನು ಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಎಲೆ ಬೆಂದು ಬಿಳಿ ಕಾಗದದಂತಾಗುತ್ತದೆ.

ಬಿತ್ತುವುದು, ನೆಡುವುದು

ಬೀಜದ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಬಿತ್ತಿ. ಬಟಾಣಿ, ಬೀನ್ಸ್ 3–4 ಸೆಂಟಿಮೀಟರ್, ಬೀಟ್‌ರೂಟ್ 1.5, ಕ್ಯಾರೆಟ್ ಅರ್ಧದಿಂದ ಒಂದು ಸೆಂಟಿಮೀಟರ್. ಲೆಟ್ಯೂಸ್ ಬೀಜಕ್ಕೆ ಬೆಳಕು ಬೇಕಿರುವುದರಿಂದ ಮೇಲೆ ಪುಡಿ ಮಣ್ಣು ಉದುರಿಸಿದರೆ ಸಾಕು.

ಹೆಚ್ಚು ಜನ ಸೋಲುವುದು ಕ್ಯಾರೆಟ್‌ನಲ್ಲಿ. ಎರಡು ಮೂರು ವಾರ ಮೊಳೆಯುವುದಿಲ್ಲ, ಅಷ್ಟರಲ್ಲಿ ಮೇಲ್ಮಣ್ಣು ಒಮ್ಮೆ ಒಣಗಿದರೂ ಮೊಳಕೆ ಸಾಯುತ್ತದೆ, ಹಕ್ಕಳೆ ಕಟ್ಟಿದರೆ ಅದನ್ನು ಸೀಳಿ ಮೇಲೆ ಬರುವ ಶಕ್ತಿ ಆ ನೂಲೆಳೆಯಂಥ ಸಸಿಗಿಲ್ಲ. ಸಾಲಿಗೆ ಮೊದಲು ನೀರು ಹಾಕಿ, ಬಿತ್ತಿ, ಜರಡಿ ಹಿಡಿದ ಕಾಂಪೋಸ್ಟಿನಿಂದ ಮುಚ್ಚಿ, ಮೇಲೆ ಒದ್ದೆ ಗೋಣಿ ಹೊದಿಸಿ. ಐದನೆಯ ದಿನದಿಂದ ದಿನವೂ ಎತ್ತಿ ನೋಡಿ, ಮೊದಲ ಮೊಳಕೆ ಕಂಡ ದಿನವೇ ಗೋಣಿ ತೆಗೆಯಿರಿ. ಎರಡು ಇಂಚು ಎತ್ತರವಾದಾಗ 5 ಸೆಂಟಿಮೀಟರಿಗೆ ಒಂದರಂತೆ ಬಿಟ್ಟು ಉಳಿದವನ್ನು ಕೀಳಿ. ಈ ಕೆಲಸಕ್ಕೆ ಮನಸ್ಸು ಬರುವುದಿಲ್ಲ, ಆದರೆ ಒತ್ತೊತ್ತಾಗಿ ಬಿಟ್ಟರೆ ಗೆಡ್ಡೆ ಪೆನ್ಸಿಲ್ ದಪ್ಪ ದಾಟುವುದಿಲ್ಲ.

ಸಸಿ ನೆಡಲು ಸಂಜೆ ಅಥವಾ ಮೋಡದ ದಿನ ಆರಿಸಿ. ಒಂದು ಗಂಟೆ ಮೊದಲು ಸಸಿಗೂ ಗುಂಡಿಗೂ ನೀರು ಕೊಡಿ. ಟೊಮೆಟೊವನ್ನು ಕೆಳಗಿನ ಎಲೆ ಚಿವುಟಿ ಕಾಂಡದ ಮೂರನೆಯ ಎರಡು ಭಾಗ ಹೂಳಬಹುದು, ಹೂತ ಕಾಂಡದಿಂದಲೂ ಬೇರು ಒಡೆಯುತ್ತದೆ. ಕಸಿ ಮಾಡಿದ ಟೊಮೆಟೊಗೆ ಮಾತ್ರ ಇದು ಸಲ್ಲದು: ಕಸಿಯ ಗಂಟು ಮಣ್ಣಿನ ಮೇಲಿರಬೇಕು. ಮೆಣಸಿನಕಾಯಿ, ಬದನೆ ಲೋಟದಲ್ಲಿದ್ದ ಮಟ್ಟಕ್ಕೇ, ಎಲೆಕೋಸು ಮೊದಲ ಎಲೆಯವರೆಗೆ. ಲೆಟ್ಯೂಸಿನ ಸುಳಿ ಮಣ್ಣಿನಲ್ಲಿ ಮುಚ್ಚಿಹೋದರೆ ಕೊಳೆಯುತ್ತದೆ. ಸೌತೆ, ಕುಂಬಳದ ಬೇರಿನ ಮುದ್ದೆ ಒಡೆಯಬಾರದು.

ಅಂತರ ಹೀಗಿರಲಿ: ಕೋಲಿಗೆ ಕಟ್ಟುವ ಟೊಮೆಟೊ 50–60 ಸೆಂಟಿಮೀಟರ್, ಬದನೆ 60, ಮೆಣಸಿನಕಾಯಿ ಮತ್ತು ಎಲೆಕೋಸು 45, ಬಲೆಗೆ ಹಬ್ಬಿಸುವ ಸೌತೆ 30, ಲೆಟ್ಯೂಸ್ 20–25, ಪೊದೆ ಬೀನ್ಸ್ 10–15, ಈರುಳ್ಳಿ ಮತ್ತು ಬೀಟ್‌ರೂಟ್ 10, ಮೂಲಂಗಿ 4–5. ಕುಂಬಳಕ್ಕೆ ಒಂದು ಮೀಟರಿಗೂ ಹೆಚ್ಚು ಬೇಕು, ಅದನ್ನು ಮಡಿಯ ಅಂಚಿಗೆ ಹಾಕಿ ಬಳ್ಳಿಯನ್ನು ಹೊರಕ್ಕೆ ಬಿಡಿ. ಆಸರೆಯ ಕೋಲನ್ನು ನೆಡುವ ದಿನವೇ ಊರಿ, ಆಮೇಲೆ ಊರಿದರೆ ಬೇರು ತುಂಡಾಗುತ್ತದೆ. ಎತ್ತರದ ಗಿಡ, ಚಪ್ಪರಗಳು ಬೇರೆ ಗಿಡಕ್ಕೆ ನೆರಳಾಗದಂತೆ ಉತ್ತರಾರ್ಧಗೋಳದಲ್ಲಿ ಉತ್ತರದ ಅಂಚಿನಲ್ಲಿರಲಿ, ದಕ್ಷಿಣಾರ್ಧಗೋಳದಲ್ಲಿ ದಕ್ಷಿಣದ ಅಂಚಿನಲ್ಲಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬ. ಕಳೆದ ಮೂರು ವರ್ಷದಲ್ಲಿ ಇವುಗಳಲ್ಲಿ ಒಂದನ್ನು ಬೆಳೆದ ಮಡಿಗೆ ಇನ್ನೊಂದನ್ನು ತರಬೇಡಿ.

ಮೊದಲ ಮೂರು ವಾರ

ಬೆಳಿಗ್ಗೆ ನೋಡಿದಾಗ ಸಸಿ ನೆಲಮಟ್ಟದಲ್ಲಿ ಕತ್ತರಿಸಿ ಬಿದ್ದಿದ್ದರೆ ಬುಡದ ಮಣ್ಣನ್ನು ಒಂದಿಂಚು ಕೆದಕಿ, ಸುರುಳಿ ಸುತ್ತಿ ಮಲಗಿದ ಕತ್ತರಿ ಹುಳು ಸಿಗುತ್ತದೆ. ನೆಡುವಾಗಲೇ ದಪ್ಪ ಕಾಗದದ ಕೊಳವೆಯನ್ನು ಕಾಂಡದ ಸುತ್ತ 3 ಸೆಂಟಿಮೀಟರ್ ಮಣ್ಣಿನೊಳಗೆ, 5 ಸೆಂಟಿಮೀಟರ್ ಮೇಲೆ ಇರುವಂತೆ ತೊಡಿಸಿದರೆ ಈ ಕಾಟವಿಲ್ಲ. ಮೂಲಂಗಿ, ಎಲೆಕೋಸಿನ ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಜಿಗಿಯುವ ಸಣ್ಣ ದುಂಬಿ ಬಂದಿದೆ. ಬಿತ್ತಿದ ದಿನದಿಂದಲೇ ತೆಳು ಬಟ್ಟೆಯ ಹೊದಿಕೆ ಹಾಕಿ ಅಂಚನ್ನು ಮಣ್ಣಿನಲ್ಲಿ ಹೂಳುವುದೇ ಪರಿಹಾರ. ಅದೇ ಬಟ್ಟೆ ಎಲೆಕೋಸಿನ ಚಿಟ್ಟೆಯನ್ನೂ ತಡೆಯುತ್ತದೆ. ಸೌತೆ ಕುಂಬಳಗಳ ಮೇಲಿದ್ದರೆ ಹೂ ಬಿಟ್ಟ ದಿನವೇ ತೆಗೆಯಿರಿ, ಜೇನ್ನೊಣ ಒಳಗೆ ಬರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ.

ತಡವಾಗಿ ಹಿಮ ಬೀಳುವ ಸೂಚನೆ ಸಿಕ್ಕರೆ ಸೂರ್ಯ ಮುಳುಗುವ ಮೊದಲೇ ಗಿಡಕ್ಕೆ ಬಟ್ಟೆ ಹೊದಿಸಿ. ಅದು ನೆಲಕ್ಕೆ ತಾಗುವಂತಿರಬೇಕು, ಏಕೆಂದರೆ ರಾತ್ರಿ ಗಿಡವನ್ನು ಕಾಯುವುದು ಮಣ್ಣಿನಿಂದ ಏಳುವ ಬಿಸಿ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದ ಕಡೆಯೇ ಎಲೆ ಸುಡುತ್ತದೆ. ಬೆಳಿಗ್ಗೆ ಬಿಸಿಲೇರುತ್ತಲೇ ಹೊದಿಕೆ ತೆಗೆಯಿರಿ.

ಬೇರು ಹಿಡಿಯುವವರೆಗೆ ಸಸಿಯ ಬುಡಕ್ಕೆ ದಿನ ಬಿಟ್ಟು ದಿನ ನೀರು ಕೊಡಿ. ಆಮೇಲೆ ಮಳೆಯೂ ಸೇರಿ ವಾರಕ್ಕೆ ಚದರ ಮೀಟರಿಗೆ 25 ಲೀಟರ್, ಅದನ್ನು ಎರಡು ಸಲವಾಗಿ, ಆಳಕ್ಕೆ ಇಳಿಯುವಂತೆ. ಮರಳು ಮಣ್ಣಿಗೆ ಮೂರು ಸಲ. ದಿನವೂ ಸ್ವಲ್ಪ ಚಿಮುಕಿಸುವ ಅಭ್ಯಾಸ ಬೇರನ್ನು ಮೇಲೆಯೇ ನಿಲ್ಲಿಸಿ ಬೇಸಿಗೆಯಲ್ಲಿ ಗಿಡವನ್ನು ಸೋಲಿಸುತ್ತದೆ. ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸಿದರೆ ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಮಣ್ಣಿನಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಇದ್ದರೂ ನೀರಿನ ಹರಿವು ನಿಂತು ನಿಂತು ಬಂದರೆ ಅದು ಕಾಯಿಗೆ ತಲುಪುವುದಿಲ್ಲ, ಅದಕ್ಕೇ ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಪ್ರಯೋಜನಕ್ಕೆ ಬರುವುದು ಅಪರೂಪ.

ಒಣಹುಲ್ಲು, ತರಗೆಲೆಯ ಹೊದಿಕೆಯನ್ನು ಮಣ್ಣು ಬೆಚ್ಚಗಾದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ತಂಪು ಒಳಗೇ ಉಳಿಯುತ್ತದೆ. ದಪ್ಪ 5–8 ಸೆಂಟಿಮೀಟರ್, ಕಾಂಡದ ಸುತ್ತ ನಾಲ್ಕು ಬೆರಳು ಖಾಲಿ ಬಿಡಿ. ಬಸವನಹುಳು ಹೆಚ್ಚಿರುವ ಕಡೆ ಸಸಿ ಬಲಿಯುವವರೆಗೆ ಹೊದಿಕೆ ಬೇಡ.

ಮೇಲುಗೊಬ್ಬರದಲ್ಲಿ ಕೈ ಬಿಗಿಯಿರಲಿ. ಸಾರಜನಕ ಹೆಚ್ಚಾದ ಟೊಮೆಟೊ ಆಳೆತ್ತರ ಬೆಳೆದು ಹೂವನ್ನೇ ಬಿಡದು. ಅದಕ್ಕೆ ಮೊದಲ ಕಾಯಿ ಗೋಲಿ ಗಾತ್ರವಾದಾಗ ಬುಡದಿಂದ ಒಂದು ಗೇಣು ದೂರದಲ್ಲಿ ಎರಡು ಹಿಡಿ ಎರೆಗೊಬ್ಬರ ಕೊಡಿ. ಎಲೆಕೋಸಿಗೆ ನೆಟ್ಟ ಮೂರನೆಯ ವಾರ ಕೊಡಬೇಕು. ಬಟಾಣಿ, ಬೀನ್ಸ್ ತಮ್ಮ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾವೇ ಮಾಡಿಕೊಳ್ಳುತ್ತವೆ. ಮೂಲಂಗಿ, ಲೆಟ್ಯೂಸ್, ಪೊದೆ ಬೀನ್ಸ್‌ಗಳನ್ನು ಒಂದೇ ದಿನ ಮುಗಿಸದೆ ಎರಡು ವಾರಕ್ಕೊಮ್ಮೆ ಅರ್ಧ ಸಾಲು ಬಿತ್ತುತ್ತಾ ಹೋಗಿ, ಮೊದಲ ಮೂಲಂಗಿ ಕಿತ್ತ ಜಾಗವೇ ಮುಂದಿನ ಬೀನ್ಸ್ ಸಾಲಿಗೆ ಒದಗುತ್ತದೆ.